ಒಲೆ ಮೇಲಿನ ಅಟ್ಟದಲ್ಲಿ ಗಿಟಾರು

ಗಿಟಾರು ಕೊಂಡವರು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲು ನಾನೊಂದು ಸಣ್ಣ ಭಾಷಣ ಮಾಡುತ್ತಿದ್ದೆ. ಕಾರವಾರದ ಉಪ್ಪು ಗಾಳಿ ತಂತಿಯನ್ನು ಹೇಗೆ ತಿನ್ನುತ್ತದೆ, ಮಳೆಗಾಲದ ಗೋಡೆಗೆ ಒರಗಿಸಿಟ್ಟ ಮರ ಹೇಗೆ ನೀರು ಕುಡಿಯುತ್ತದೆ, ಸ್ಕ್ರೂಗಳು ಹೇಗೆ ಹಸಿರು ಹಿಡಿಯುತ್ತವೆ ಎಂದೆಲ್ಲ ಹೇಳಿ ಕೊನೆಗೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ: ಏನು ಬೇಕಾದರೂ ಮಾಡಿ, ಈ ತೇವ, ಈ ಥಂಡಿ ಮಾತ್ರ ತಾಗಗೊಡಬೇಡಿ. ಹೆಚ್ಚಿನವರು ಆ ಹೊತ್ತಿಗೆ ಹೊಸ ವಾದ್ಯದ ಹೊಳಪು ನೋಡುತ್ತ ತಲೆಯಾಡಿಸುತ್ತಿದ್ದರು, ಒಂದು ಅಕ್ಷರವೂ ಕಿವಿಗೆ ಹೋಗುತ್ತಿರಲಿಲ್ಲ. ಈಗ ಆ ಭಾಷಣ ಬಿಟ್ಟಿದ್ದೇನೆ. ಒಬ್ಬರು ಅದನ್ನು ಪೂರ್ತಿ ಕೇಳಿಸಿಕೊಂಡುಬಿಟ್ಟರು, ಅದಕ್ಕೆ.

ನನ್ನ ಕೆಲಸ ಪೇಟೆಯ ಒಂದು ವಾದ್ಯದಂಗಡಿಯ ಹಿಂಬದಿಯ ಮೇಜಿನದು. ಭಜನಾ ಮಂಡಳಿಗಳ ಹಾರ್ಮೋನಿಯಂ ರಿಪೇರಿ, ತಬಲಾಕ್ಕೆ ಹೊಸ ಚರ್ಮ, ಗಿಟಾರಿಗೆ ತಂತಿ, ಇಂಥವು. ಮುಂದಿನ ಗಲ್ಲಾದಲ್ಲಿ ಮಾಲೀಕರು ಕೂರುತ್ತಾರೆ. ಆದರೆ ಎಲೆಕ್ಟ್ರಿಕ್ ಗಿಟಾರು ಕೇಳಿ ಯಾರಾದರೂ ಬಂದರೆ ನನ್ನನ್ನು ಕರೆಯುತ್ತಾರೆ. ಅಗ್ಗದ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಒಳ್ಳೆಯದನ್ನು ಆರಿಸುವುದು ಮಾರ್ಕೆಟ್ಟಿನಲ್ಲಿ ಮೀನು ಆರಿಸಿದ ಹಾಗೆ. ಎಲ್ಲವೂ ಹೊಳೆಯುತ್ತಿರುತ್ತವೆ, ಕಿವಿರು ಎತ್ತಿ ನೋಡದೆ ಗೊತ್ತಾಗುವುದಿಲ್ಲ. ಆ ಕಿವಿರು ಎತ್ತಿ ನೋಡುವ ವಿದ್ಯೆಯ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಬವಿತ್ತು.

ಕಳೆದ ಮೇ ತಿಂಗಳಲ್ಲಿ ಬಂದವಳು ಹಬ್ಬುವಾಡದ ನಮ್ಮ ಓಣಿಯದೇ ಹುಡುಗಿ. ಚಿಕ್ಕಂದಿನಿಂದ ನಮ್ಮ ಮನೆಯ ಹಳೆಯ ಮರದ ಗಿಟಾರಿನಲ್ಲಿ ಕೈ ಪಳಗಿಸಿಕೊಂಡವಳು, ನನ್ನನ್ನು ಮಾಮ ಎಂದೇ ಕರೆಯುವವಳು. ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಅದರ ಹಿಂದಿನ ಚಳಿಗಾಲದಲ್ಲಿ ಬೆಳಂಬಾರದ ಒಂದು ಬೇಸಾಯದ ಮನೆಗೆ ಸೊಸೆಯಾಗಿ ಹೋಗಿದ್ದಳು. ಅಂಕೋಲೆಯಲ್ಲಿ ಮದುವೆ ಆರತಕ್ಷತೆಗಳಿಗೆ ನುಡಿಸುವ ಒಂದು ಆರ್ಕೆಸ್ಟ್ರಾ ತಂಡವಿದೆ. ಅದರಲ್ಲಿ ಗಿಟಾರು ನುಡಿಸುವವನು ಗೋವಾದ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದ. ತಂಡದ ಯಜಮಾನರು ಇವಳ ಕೈ ಕೇಳಿ ಮೆಚ್ಚಿ, ಚೌತಿ ಮುಗಿದ ಮೇಲೆ ತಾಲೀಮು ಶುರು, ಅಷ್ಟರೊಳಗೆ ಸ್ವಂತ ಗಿಟಾರು ಮಾಡಿಕೊಂಡು ಬಾ, ಅಲ್ಲಿಯತನಕ ಜಾಗ ಹಿಡಿದಿಡುತ್ತೇನೆ ಎಂದಿದ್ದರಂತೆ. ಎರವಲು ವಾದ್ಯ ಹಿಡಿದು ವೇದಿಕೆ ಹತ್ತುವವರನ್ನು ಅವರು ಸೇರಿಸಿಕೊಳ್ಳುವುದಿಲ್ಲ.

ಅವಳ ಜೊತೆ ಅತ್ತೆಯೂ ಬಂದಿದ್ದರು. ಅರವತ್ತು ದಾಟಿದ, ಸಣ್ಣ ಆಳಿನ, ನೆಟ್ಟಗೆ ನಡೆಯುವ ಹೆಂಗಸು. ಸೊಸೆ ಲೈಟಿನ ಕೆಳಗೆ ನಿಂತು ಬಾರಿಸುವುದು ಅವರಿಗೆ ಅಷ್ಟು ಸರಿಬಂದಿರಲಿಲ್ಲ ಎಂದು ಹುಡುಗಿ ಮೊದಲೇ ಹೇಳಿದ್ದಳು. ಬೇಡ ಎಂದೂ ಅಂದಿರಲಿಲ್ಲ. ಏನು ಕೊಳ್ಳುತ್ತಾರೆ ನೋಡುವಾ ಎಂದು ಕೈಚೀಲ ಹಿಡಿದು ಬಸ್ಸು ಹತ್ತಿದ್ದರು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತವರು ನಾವು ಮಾಡಿದ್ದನ್ನೆಲ್ಲ ನೋಡಿದರು.

ಅವಳ ಕೈಗೆಟುಕುವ ಬೆಲೆಯಲ್ಲಿ ನಾಲ್ಕು ಗಿಟಾರುಗಳಿದ್ದವು. ಒಂದರ ಕುತ್ತಿಗೆಯನ್ನು, ಅಂದರೆ ಬೆರಳು ಓಡಾಡುವ ಉದ್ದನೆಯ ಭಾಗವನ್ನು, ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ನೋಡಿದೆ. ತಿರುಚಿತ್ತು, ಪಕ್ಕಕ್ಕಿಟ್ಟೆ. ಎರಡನೆಯದರ ತಂತಿಗಳನ್ನು ಸ್ವರಕ್ಕೆ ತಂದು, ಒಂದೊಂದನ್ನೇ ಮೇಲಕ್ಕೆಳೆದು ಬಿಟ್ಟೆ. ಬಿಟ್ಟಾಗಲೆಲ್ಲ ಸ್ವರ ಇಳಿಯಿತು, ತಂತಿ ಬಿಗಿಯುವ ಕಿವಿಗಳು ಜಾರುತ್ತಿದ್ದವು. ಅದೂ ಹೋಯಿತು. ಉಳಿದದ್ದು ಎರಡು.

ಒಂದು ಕೆನೆ ಬಣ್ಣದ್ದು. ಅದರ ಕುತ್ತಿಗೆಯನ್ನು ಒಡಲಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದರು. ಇನ್ನೊಂದು ಕಡುಕಂದು, ಕುತ್ತಿಗೆಯನ್ನು ಒಡಲಿನ ಗುಳಿಯೊಳಗೆ ಕೂರಿಸಿ ಅಂಟು ಹಾಕಿದ್ದು. ಎರಡರ ಫ್ರೆಟ್ಟುಗಳೂ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳೂ, ಸಮವಾಗಿದ್ದವು, ಅಂಚಿನಲ್ಲಿ ಬೆರಳು ಎಳೆದರೆ ಗೀರುತ್ತಿರಲಿಲ್ಲ. ಆಂಪ್ಲಿಫೈಯರಿಗೆ ಹಾಕಿ ಕೇಳಿದೆವು. ಕೆನೆ ಬಣ್ಣದ್ದರ ನಾದ ತೆಳ್ಳಗೆ, ಸ್ವಚ್ಛ. ಆದರೆ ಬಾರಿಸದೆ ಸುಮ್ಮನಿದ್ದಾಗ ಹುಂಯ್ ಎಂದು ಗುಂಯ್ಗುಡುತ್ತಿತ್ತು. ಕಂದು ಬಣ್ಣದ್ದರಲ್ಲಿ ನಾದ ಹಿಡಿಯುವ ಸುರುಳಿಗಳು ಜೋಡಿ ಜೋಡಿ ಇದ್ದುದರಿಂದ ಆ ಗುಂಯ್ ಇರಲಿಲ್ಲ. ಅದರ ಕುತ್ತಿಗೆಯೂ ತುಸು ಗಿಡ್ಡ, ಅವಳ ಸಣ್ಣ ಕೈಯ ಕಿರುಬೆರಳು ದೂರದ ಫ್ರೆಟ್ಟನ್ನೂ ಸುಲಭವಾಗಿ ಮುಟ್ಟುತ್ತಿತ್ತು. ನನ್ನ ಮನಸ್ಸು ಅಲ್ಲಿಗೇ ತೀರ್ಮಾನ ಮಾಡಿಯಾಗಿತ್ತು.

ಅವಳು ಮಾತ್ರ ಕೆನೆ ಬಣ್ಣದ್ದನ್ನೇ ಮತ್ತೆ ಮತ್ತೆ ಎತ್ತಿಕೊಂಡಳು. ಕಲ್ಯಾಣ ಮಂಟಪಗಳ ವೈರಿಂಗ್ ಹೇಗಿರುತ್ತದೆ ಗೊತ್ತಲ್ಲ, ಅರ್ತಿಂಗ್ ಎಂಬುದು ದೇವರಿಗೇ ಪ್ರೀತಿ, ಅಲ್ಲಿ ಈ ಗುಂಯ್ ಹತ್ತು ಪಾಲಾಗುತ್ತದೆ ಎಂದು ನಾನು ವಿವರಿಸಿದೆ. ಅವಳು ಒಪ್ಪಿದಳು. ಆದರೂ ಅದನ್ನು ಕೆಳಗಿಡಲಿಲ್ಲ.

"ನಿಮಗೆ ಗೊತ್ತು ಮಾಮ, ನಂಗೇನು ಗೊತ್ತು. ಆದ್ರೆ ಇದು ಕೈಗೆ ಬಂದ್ರೆ ನಂದು ಅನಿಸ್ತದೆ."

"ವಾರ ಕಳೆದ್ರೆ ಯಾವುದಾದ್ರೂ ನಂದು ಅನಿಸ್ತದೆ. ಹೊಸದಾಗಿ ಮದುವೆಯಾದವ್ಳಿಗೆ ನಾ ಹೇಳಿಕೊಡಬೇಕಾ?" ಎಂದೆ.

ಅವಳು ನಕ್ಕಳು, ಅತ್ತೆಯೂ ಸೆರಗಿನಲ್ಲಿ ನಕ್ಕರು. ನಗೆಯಲ್ಲಿ ಕಂದು ಗಿಟಾರು ನಿಶ್ಚಯವಾಯಿತು. ಕೆಡುವ ಹೊತ್ತಿನಲ್ಲಿ ಬಿಚ್ಚಿ ಸರಿಮಾಡಲು ಬರುವುದು ಸ್ಕ್ರೂ ಹಾಕಿದ್ದು ಮಾತ್ರ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಆ ದಿನ ಅದನ್ನು ತಕ್ಕಡಿಗೆ ಹಾಕಲಿಲ್ಲ. ಹೊಸ ವಾದ್ಯ ಆರಿಸುವಾಗ ಯಾರು ತಾನೇ ಅದರ ಸಾವಿನ ಬಗ್ಗೆ ಯೋಚಿಸುತ್ತಾರೆ ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನ ಆಗುವುದಿಲ್ಲ.

ಗಿಟಾರನ್ನು ಮೇಜಿಗೆ ತಂದು ತಯಾರು ಮಾಡಿದೆ. ತಂತಿ ಕೂರುವ ಗೀರುಗಳನ್ನು ಸಣ್ಣ ಅರದಿಂದ ತಿದ್ದಿ, ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಬಿಗಿದು, ತಂತಿಗಳನ್ನು ಆದಷ್ಟು ತಗ್ಗಿಸಿದೆ. ಆಮೇಲೆ ಭಾಷಣ. ಹುಡುಗಿ ಚೀಲದ ಜಿಪ್ಪು ಎಳೆಯುವುದರಲ್ಲಿ ಮುಳುಗಿದ್ದಳು. ಅತ್ತೆ ಮಾತ್ರ ಸ್ಟೂಲು ಮುಂದೆ ಎಳೆದುಕೊಂಡು ಕೇಳಿದರು. ಥಂಡಿ ತಾಗಿದರೆ ಏನಾಗುತ್ತದೆ ಎಂದು ವಿಚಾರಿಸಿದರು. ಸತ್ತೇ ಹೋಗುತ್ತದೆ ಅಮ್ಮಾ, ಎಂದೆ ನಾನು. ಅವರು ಒಮ್ಮೆ ಗಿಟಾರನ್ನು, ಒಮ್ಮೆ ನನ್ನನ್ನು ನೋಡಿ ಗಂಭೀರವಾಗಿ ತಲೆಯಾಡಿಸಿದರು.

ಮಳೆ ಹಿಡಿದ ಹೊಸತರಲ್ಲಿ ಅಂಕೋಲೆಯ ದೇವಸ್ಥಾನವೊಂದರ ಹಾರ್ಮೋನಿಯಂ ನೋಡಲು ಹೋದವನು ಬೆಳಂಬಾರಕ್ಕೂ ಹೋಗಿ ಬಂದೆ. ಹೊಸ ಗಿಟಾರಿನ ಕುತ್ತಿಗೆ ಮೊದಲ ಮಳೆಗೆ ಸ್ವಲ್ಪ ಬಾಗುತ್ತದೆ, ಸರಳನ್ನು ತಿರುಗಿಸಿ ಕೊಡಬೇಕು. ಗಿಟಾರು ಚೊಕ್ಕವಾಗಿತ್ತು. ಅದಕ್ಕಿಂತ ಚೊಕ್ಕವಾಗಿದ್ದದ್ದು ಮನೆಯ ಹವೆ. ಸಂಜೆ ಸೊಸೆ ಪಡಸಾಲೆಯಲ್ಲಿ ಪುಟ್ಟ ಆಂಪ್ಲಿಫೈಯರ್ ಇಟ್ಟುಕೊಂಡು ಕೂತರೆ ಅತ್ತೆ ಅಕ್ಕಿ ಆರಿಸುವ ನೆಪದಲ್ಲಿ ಅಲ್ಲಿಯೇ ಕೂರುತ್ತಿದ್ದರಂತೆ. ಸಿನಿಮಾ ಹಾಡುಗಳೆಲ್ಲ ಒಂದೇ ಥರ ಕೇಳುತ್ತವೆ ಎಂದು ತಕರಾರು ಮಾಡಿ, ತಾವು ಗದ್ದೆಯಲ್ಲಿ ನಟ್ಟಿ ಮಾಡುವಾಗ ಹೇಳುತ್ತಿದ್ದ ಒಂದು ಹಾಡಿನ ಧಾಟಿಯನ್ನು ಗುನುಗಿ ತೋರಿಸಿದ್ದರಂತೆ. ಸೊಸೆ ಅದನ್ನು ಹಿಡಿದು ನುಡಿಸಿದ್ದಳು. ಅಂದಿನಿಂದ ಕೊನೆಗೆ ಅದೊಂದು ಆಗಲೇಬೇಕು. ನನಗೂ ಕೇಳಿಸಿದರು. ನಾಲ್ಕೈದು ಸ್ವರಗಳಲ್ಲಿ ಸುತ್ತುವ ಸಣ್ಣ ಧಾಟಿ, ಕಡೆಯಲ್ಲಿ ಒಂದು ಜಾರು. ಆ ಜಾರು ಬಂದಾಗ ಅತ್ತೆಯ ಕೈ ಅಕ್ಕಿಯಲ್ಲಿ ನಿಲ್ಲುತ್ತಿತ್ತು.

ಚಹಾ ಕುಡಿಯಲು ಅಡುಗೆಮನೆಗೇ ಕರೆದರು. ಮಳೆಗಾಲದಲ್ಲಿ ಆ ಒಲೆ ಆರುವುದೇ ಇಲ್ಲ. ಅನ್ನ, ಗಂಜಿ, ಸ್ನಾನದ ನೀರು, ಎಲ್ಲವೂ ಅದರ ಮೇಲೇ. ಒಲೆಯ ನೇರ ಮೇಲೆ ಬಿದಿರಿನ ಅಟ್ಟ. ಹೊಗೆಗೆ ಕಪ್ಪಾದ ಆ ಅಟ್ಟದಲ್ಲಿ ಹಲಸಿನ ಹಪ್ಪಳದ ಡಬ್ಬಿ, ಒಣಮೀನು, ಹುಳಿಗೆ ಹಾಕುವ ಮುರುಗಲ ಹಣ್ಣಿನ ಸಿಪ್ಪೆ, ಮತ್ತೆ ಸಾಲಾಗಿ ಬಟ್ಟೆಯ ಗಂಟುಗಳು. ಗಂಟುಗಳಲ್ಲಿ ಬೀಜ. ಸೌತೆ, ಹೀರೆ, ಬೆಂಡೆ, ಅಲಸಂದೆ, ಅರ್ಧ ತಮ್ಮವು, ಅರ್ಧ ನೆರೆಮನೆಗಳವು. ಈ ಮನೆಯ ಅಟ್ಟದಲ್ಲಿಟ್ಟ ಬೀಜ ಒಂದೂ ಹುಸಿಯಾಗುವುದಿಲ್ಲ, ಅತ್ತೆಯ ಕೈಗುಣ ಹಾಗೆ ಎಂದು ಊರಿನವರು ಮಳೆಗೆ ಮುಂಚೆ ತಂದು ಒಪ್ಪಿಸಿ, ಭತ್ತ ಕೊಯ್ದ ಮೇಲೆ ಬಂದು ಒಯ್ಯುತ್ತಾರಂತೆ. ಸೊಸೆ ಇದನ್ನು ಹೆಮ್ಮೆಯಿಂದಲೇ ಹೇಳಿದಳು. ನಾನು ಆ ಅಟ್ಟ ನೋಡಿ ಹೊಗಳಿ, ಸ್ವಲ್ಪ ಮುರುಗಲನ್ನೂ ಕಟ್ಟಿಸಿಕೊಂಡೆ.

ಹೊರಡುವಾಗ ಹುಡುಗಿ ಒಂದು ಸಮಸ್ಯೆ ಹೇಳಿದಳು. ಮದುವೆಯಾದ ಮೊದಲ ಆಷಾಢ, ತಿಂಗಳು ಪೂರ್ತಿ ತವರಿನಲ್ಲಿರಬೇಕು. ಗಿಟಾರನ್ನು ಒಯ್ಯಬಹುದೇ? ಬಸ್ಸು ಹತ್ತಿ ಇಳಿದು, ಆ ತೆಳು ಚೀಲದಲ್ಲಿ, ಸುರಿಯುವ ಮಳೆಯಲ್ಲಿ ಒಯ್ಯುವುದು ಬೇಡವೇ ಬೇಡ ಎಂದೆ ನಾನು. ಬೆರಳಿನ ಅಭ್ಯಾಸಕ್ಕೆ ನಮ್ಮ ಮನೆಯ ಹಳೆಯದು ಇದೆಯಲ್ಲ. ಇದು ಇಲ್ಲೇ ಇರಲಿ, ಒಳ್ಳೇ ಒಣ ಜಾಗ ನೋಡಿ ಇಟ್ಟು ಹೋಗು. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಅದರ ಚಿಂತೆ ನಿಂಗೆ ಬೇಡ ತಮಾ. ಅದು ನನ್ನ ಮೇಲಿರ್ಲಿ," ಎಂದರು.

ಆಷಾಢ ಕಳೆಯಿತು. ಶ್ರಾವಣದ ಮೊದಲ ವಾರ ಹುಡುಗಿ ಗಿಟಾರು ಹೊತ್ತು ಅಂಗಡಿಗೆ ಬಂದಳು. ಚೀಲವನ್ನು ಮೇಜಿನ ಮೇಲಿಡುವ ಮೊದಲೇ ನನಗೆ ವಾಸನೆ ಬಂತು, ಬೆಳಂಬಾರದ ಆ ಅಡುಗೆಮನೆಯ ವಾಸನೆ. ಚೀಲದೊಳಗೆ ಗಿಟಾರಿಗೆ ಒಂದು ಹಳೆಯ ಮೆತ್ತನೆಯ ಸೀರೆ ಸುತ್ತಿತ್ತು, ಕೂಸಿಗೆ ಸುತ್ತಿದ ಹಾಗೆ. ಬಿಚ್ಚಿದೆ. ಸುರುಳಿಗಳ ಅಂಚಿನಿಂದ ಮೇಣ ಕರಗಿ ಹರಿದು ಒಡಲಿನ ಮೇಲೆ ಹೆಪ್ಪುಗಟ್ಟಿತ್ತು. ನಾದದ ಸುರುಳಿ ಅಲುಗದಂತೆ ಕಾರ್ಖಾನೆಯಲ್ಲಿ ಮೇಣದಲ್ಲಿ ಅದ್ದಿರುತ್ತಾರೆ, ಅದು ಹೊರಗೆ ಬರಬೇಕಾದರೆ ಕೈ ಸುಡುವಷ್ಟು ಬಿಸಿ ಬೇಕು. ಫ್ರೆಟ್ಟುಗಳ ತುದಿ ಪಕ್ಕಕ್ಕೆ ಚಾಚಿಕೊಂಡಿತ್ತು, ಮರ ಒಣಗಿ ಕುಗ್ಗಿದ್ದಕ್ಕೆ. ಕುತ್ತಿಗೆಗೆ ಅಂಟಿಸಿದ ಬೆರಳ ಹಲಗೆ ನಡುವಿನಲ್ಲಿ ಎದ್ದಿತ್ತು. ಕುತ್ತಿಗೆ ಒಡಲಿಗೆ ಸೇರುವ ಜಾಗದಲ್ಲಿ ಒಂದು ಗೆರೆ ಬಾಯಿಬಿಟ್ಟಿತ್ತು, ಕಾಗದ ತೂರಿಸಿದೆ, ಹೋಯಿತು.

ಅವಳು ನಡೆದದ್ದನ್ನು ಹೇಳಿದಳು. ತವರಿನಿಂದ ಮರಳಿದಾಗ ಅತ್ತೆ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು ತೋರಿಸಿದ್ದರಂತೆ. ಬೀಜದ ಗಂಟುಗಳನ್ನು ಆಚೆ ಸರಿಸಿ, ಒಲೆಯ ನೇರಕ್ಕೆ, ಮನೆಯಲ್ಲೇ ಅತಿ ಒಣಗಿದ ಜಾಗವನ್ನು ಗಿಟಾರಿಗೆ ಬಿಟ್ಟುಕೊಟ್ಟಿದ್ದರು. ದಿನಾ ಮುಟ್ಟಿ ನೋಡುತ್ತಿದ್ದರಂತೆ. ಒಂದು ಹನಿ ಥಂಡಿ ತಾಗಿಲ್ಲ ನೋಡು ಎಂದಾಗ ಅವರ ಮುಖದಲ್ಲಿದ್ದ ಸಂತೋಷ ಕೆಡಿಸಲು ಇವಳಿಗೆ ಮನಸ್ಸು ಬರಲಿಲ್ಲ. ತಂತಿ ಸಡಿಲಾಗಿದೆ, ಕಾರವಾರಕ್ಕೆ ಒಯ್ದು ಬಿಗಿಸಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿ ಬಂದಿದ್ದಳು. ಅತ್ತೆಗೆ ಇದನ್ನು ಹೇಳಬೇಡಿ ಎಂದು ಅವಳು ನನಗೇನೂ ಹೇಳಲಿಲ್ಲ. ಹಾಗೆ ಹೇಳಬೇಕಾಗುತ್ತದೆ ಎಂದು ಅವಳಿಗೆ ಅನಿಸಿರಲಿಕ್ಕಿಲ್ಲ.

ನಾನು ಅತ್ತೆಯ ಮೇಲೆ ಸಿಟ್ಟಾಗಲಿಲ್ಲ. ಹೇಗೆ ಆಗಲಿ? ಕರಾವಳಿಯ ಯಾವ ಮನೆಯಲ್ಲಾದರೂ ಮಳೆಗಾಲದಲ್ಲಿ ಉಳಿಯಬೇಕಾದ ವಸ್ತು ಹತ್ತುವುದು ಒಲೆ ಮೇಲಿನ ಅಟ್ಟಕ್ಕೇ. ನಮ್ಮಮ್ಮನಾದರೂ ಅದನ್ನೇ ಮಾಡುತ್ತಿದ್ದಳು. ಥಂಡಿ ಬೇಡ ಎಂದು ಅಷ್ಟು ಸಲ ಹೇಳಿದವನು ಬಿಸಿಯೂ ಬೇಡ ಎಂದು ಒಂದೇ ಒಂದು ಸಲ ಹೇಳಿರಲಿಲ್ಲ. ಚೌತಿಗೆ ಇನ್ನೂ ಸಮಯವಿತ್ತು, ಸರಿಮಾಡುತ್ತೇನೆ ಎಂದೆ.

ಮೊದಲು ಸುಲಭದ ಕೆಲಸ. ಸುರುಳಿಗಳನ್ನು ಬಿಚ್ಚಿ ತೆಗೆದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೇಣ ಕರಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಅದ್ದಿದೆ. ಅವು ಬದುಕಿದವು. ಎದ್ದ ಬೆರಳ ಹಲಗೆಯ ಕೆಳಗೆ ಸಿರಿಂಜಿನಿಂದ ಅಂಟು ತೂರಿಸಿ ಕ್ಲ್ಯಾಂಪು ಬಿಗಿದೆ. ಅದೂ ಕೂತಿತು. ಫ್ರೆಟ್ಟಿನ ತುದಿಗಳನ್ನು ಅರದಿಂದ ಉಜ್ಜಿ ಸಮ ಮಾಡಿದೆ. ಇಷ್ಟರಲ್ಲಿ ನನಗೆ ಧೈರ್ಯ ಬಂದಿತ್ತು. ಬಾಯಿಬಿಟ್ಟ ಗೆರೆಗೂ ಅಂಟು ಇಳಿಸಿ ಬಿಗಿದಿಟ್ಟೆ. ಶ್ರಾವಣದ ಹವೆಯಲ್ಲಿ ಅಂಟು ಒಣಗಲು ಸತಾಯಿಸಿತು. ಒಣಗಿತೆಂದು ತಂತಿ ಏರಿಸಿದೆ. ಎರಡು ದಿನ ನಿಂತು, ಮೂರನೆಯ ದಿನ ತಂತಿಗಳು ಹಲಗೆಯಿಂದ ಬೆರಳು ತೂರುವಷ್ಟು ಮೇಲೆ ಎದ್ದು ಕೂತಿದ್ದವು.

ಮತ್ತೆ ಎಲ್ಲ ಇಳಿಸಿದೆ. ಈ ಸಲ ಹಬೆ ಹಿಡಿದು, ತೆಳ್ಳನೆಯ ಬ್ಲೇಡು ತೂರಿಸಿ ಕುತ್ತಿಗೆಯನ್ನು ಒಡಲಿನಿಂದ ಪೂರ್ತಿ ಬೇರೆ ಮಾಡಿದೆ. ಒಳಗೆ ನೋಡಿದರೆ ಕಾರ್ಖಾನೆಯವರು ಅಂಟು ಹಚ್ಚಿದ್ದು ಅರ್ಧ ಗುಳಿಗೆ ಮಾತ್ರ, ಉಳಿದರ್ಧ ಬರೀ ಮರ. ಅಗ್ಗದ ಮಾಲಿನ ಹಣೆಬರಹ. ಬಿಸಿ ತಾಗದಿದ್ದರೂ ನಾಲ್ಕೈದು ವರ್ಷದಲ್ಲಿ ಆ ಸಂದು ಬಿಡುತ್ತಿತ್ತೋ ಏನೋ. ಈ ವಿಷಯ ನೆನಪಿರಲಿ, ಇದನ್ನು ನಾನು ಹೇಳಬೇಕಾದ ಕಡೆ ಹೇಳಲಿಲ್ಲ. ಹಳೆಯ ಅಂಟು ಕೆರೆದು, ಸಾಗುವಾನಿಯ ತೆಳು ಚೂರು ತುಂಬಿಸಿ, ಗಟ್ಟಿ ಅಂಟಿನಲ್ಲಿ ಕೂರಿಸಿದೆ. ಈ ಸಲ ಸಂದು ಬಂಡೆಯಂತೆ ನಿಂತಿತು. ಆದರೆ ತಂತಿ ಏರಿಸಿ ಬಾರಿಸಿದಾಗ ಏಳನೆಯ ಫ್ರೆಟ್ಟಿನಿಂದ ಆಚೆ ಸಣ್ಣ ತಂತಿಗಳೆಲ್ಲ ಝರ್ ಎಂದವು. ಕಣ್ಣಿಗೆ ಹಿಡಿದು ನೋಡಿದೆ. ಕುತ್ತಿಗೆಯೇ ತಿರುಚಿಕೊಂಡಿತ್ತು. ಬಾಗಿದ್ದರೆ ಸರಳು ತಿರುಗಿಸಿ ನೆಟ್ಟಗೆ ಮಾಡಬಹುದು, ತಿರುಚಿದ್ದಕ್ಕೆ ಔಷಧವಿಲ್ಲ. ಮೇ ತಿಂಗಳಲ್ಲಿ ಮೊದಲ ಗಿಟಾರನ್ನು ನಾನು ಪಕ್ಕಕ್ಕಿಟ್ಟದ್ದು ಇದೇ ದೋಷಕ್ಕೆ.

ಸ್ಕ್ರೂ ಹಾಕಿದ ಕುತ್ತಿಗೆಯಾಗಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ, ಬೇರೆ ಕುತ್ತಿಗೆ ತರಿಸಿ ಬಿಗಿದು, ಅರ್ಧ ದಿನದಲ್ಲಿ ಕೈತೊಳೆದುಕೊಳ್ಳುತ್ತಿದ್ದೆ. ಅವಳು ಕೇಳಿದ್ದೂ ಅದನ್ನೇ ಅಲ್ಲವೇ. ಆ ಕೆನೆ ಬಣ್ಣದ ಗಿಟಾರನ್ನು ತೋಡೂರಿನ ಒಬ್ಬರು ಜೂನ್‌ನಲ್ಲೇ ಕೊಂಡೊಯ್ದಿದ್ದರು. ಫೋನು ಮಾಡಿ ವಾಪಸು ಕೊಡುತ್ತೀರಾ ಎಂದು ನಾಚಿಕೆ ಬಿಟ್ಟು ಕೇಳಿದೆ. ಬಹಳ ಚೆನ್ನಾಗಿದೆ, ಒಂದು ಸ್ವರವೂ ಇಳಿಯುವುದಿಲ್ಲ ಎಂದು ಅವರು ನನ್ನನ್ನೇ ಹೊಗಳಿ ಫೋನಿಟ್ಟರು. ಅಂಗಡಿಗೆ ಹೊಸ ಮಾಲು ಬರುವುದು ಹಬ್ಬ ಕಳೆದ ಮೇಲೆ. ಮನೆಯಲ್ಲಿ ನನ್ನದೇ ಒಂದು ಎಲೆಕ್ಟ್ರಿಕ್ ಗಿಟಾರಿತ್ತು, ಅದನ್ನೇ ಅವಳಿಗೆ ಕೊಟ್ಟುಬಿಡುವುದು ಎಂದು ನಿಶ್ಚಯಿಸಿದೆ. ಕೊಟ್ಟರೆ ಎರವಲಾಗುವುದಿಲ್ಲ, ಯಜಮಾನರಿಗೆ ಅವಳದೇ ಎನ್ನಬಹುದು. ಅವಳ ಜಾಗ ಉಳಿಯುತ್ತದೆ ಎಂದು ಆ ದಿನ ನಾನು ನಿಜವಾಗಿಯೂ ನಂಬಿದ್ದೆ.

ಮರುದಿನ ಬೆಳಿಗ್ಗೆ ಮಳೆಯಲ್ಲಿ ಕೊಡೆ ಹಿಡಿದು ಅತ್ತೆ ಒಬ್ಬರೇ ಅಂಗಡಿಗೆ ಬಂದರು. ಸೊಸೆ ಸಂಘದ ಕೆಲಸಕ್ಕೆ ಹೋಗಿದ್ದಳು. ತಂತಿ ಬಿಗಿಯಲು ಇಷ್ಟು ದಿನ ಹಿಡಿಯುವುದಿಲ್ಲ ಎಂದು ಅವರಿಗೆ ಅನಿಸಿತ್ತು. ಗಿಟಾರು ಮೇಜಿನ ಮೇಲೆ ತಂತಿಯಿಲ್ಲದೆ ಮಲಗಿತ್ತು, ಪಕ್ಕದಲ್ಲಿ ಕ್ಲ್ಯಾಂಪು, ಬ್ಲೇಡು, ಮೇಣದ ಪಾತ್ರೆ. ಅವರು ಹತ್ತಿರ ಬಂದು ನೋಡಿದರು, ಮುಟ್ಟಲಿಲ್ಲ.

"ಎಂತ ಆಯ್ತು ತಮಾ ಇದಕ್ಕೆ? ನೀ ಆರಿಸಿಕೊಟ್ಟ ಮಾಲೇ ಖರಾಬಾ?"

ಹೌದು ಅಮ್ಮಾ, ಅಗ್ಗದ ಮಾಲು, ಕಾರ್ಖಾನೆಯವರು ಅಂಟು ಸರಿ ಹಾಕಿಲ್ಲ ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವರು ಬಾಗಿಲು ತೆರೆದೇ ಕೊಟ್ಟಿದ್ದರು. ಆದರೆ ನಾನು ಆರಿಸಿಕೊಟ್ಟ ಮಾಲು ಎಂಬ ಮಾತು ನನಗೆ ನಾಟಿತು. ವಾರಗಟ್ಟಲೆ ಆ ಗಿಟಾರಿನ ಜೊತೆ ಒದ್ದಾಡಿ ಸೋತ ಕಹಿಯೂ ಇತ್ತು. ಖರಾಬು ಮಾಲನ್ನು ನಾನು ಆರಿಸುವುದಿಲ್ಲ ಎಂದು ತೋರಿಸಬೇಕಿತ್ತು. ಮೇಣ ಎಷ್ಟು ಬಿಸಿಗೆ ಕರಗುತ್ತದೆ, ಮರ ಒಣಗಿದರೆ ಹೇಗೆ ಕುಗ್ಗುತ್ತದೆ, ಅಂಟು ಯಾವಾಗ ಬಿಡುತ್ತದೆ, ಒಂದೊಂದನ್ನೂ ಬೆರಳಿಟ್ಟು ತೋರಿಸಿ ವಿವರಿಸಿದೆ. ಮೇ ತಿಂಗಳ ಭಾಷಣದ ಧಾಟಿಯಲ್ಲೇ. ಅವರು ಆ ಸಲದ ಹಾಗೆಯೇ ಪೂರ್ತಿ ಕೇಳಿದರು.

"ಹಾಗಾರೆ ನಾನೇ ಸುಟ್ಟದ್ದು," ಎಂದರು.

ಹಾಗಲ್ಲ ಅಮ್ಮಾ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಮೇಜಿನ ತುದಿಯಲ್ಲಿ ಮಡಚಿಟ್ಟಿದ್ದ ತಮ್ಮ ಹಳೆಯ ಸೀರೆಯನ್ನು ಕಂಡು ಎತ್ತಿ ಚೀಲಕ್ಕೆ ಹಾಕಿಕೊಂಡರು. ಚಹಾ ತರಿಸುತ್ತೇನೆ ಎಂದರೂ ಕೂರಲಿಲ್ಲ, ಬಸ್ಸು ತಪ್ಪುತ್ತದೆ ಎಂದು ಹೊರಟರು.

ಚೌತಿಗೆ ಮುಂಚೆ ಹುಡುಗಿ ಬಂದಾಗ ನನ್ನ ಗಿಟಾರನ್ನು ಅವಳ ಮುಂದಿಟ್ಟೆ. ಅವಳು ನನ್ನನ್ನು ಬಯ್ಯಬಹುದಿತ್ತು, ಬಯ್ಯಲಿಲ್ಲ. ಅತ್ತೆ ಆ ದಿನ ಮನೆಗೆ ಬಂದವರೇ ಅವಳ ಎದುರು ಕೂತು ಅತ್ತದ್ದನ್ನು ಹೇಳಿದಳು. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು ಮಾಮ, ಅತ್ತರೆ ಏನು ಮಾಡುವುದು ಎಂದಳು. ಆದರೂ ಗಿಟಾರು ಒಯ್ದಳು. ಹಬ್ಬ ಕಳೆದ ಮೇಲೆ ಒಂದೆರಡು ತಾಲೀಮಿಗೂ ಹೋದಳು. ಮನೆಯಲ್ಲಿ ಅವಳು ಅಭ್ಯಾಸಕ್ಕೆ ಕೂತರೆ ಅತ್ತೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ನಿಮ್ಮ ಹಾಡು ನುಡಿಸಲೇ ಎಂದರೆ, ಬೇಡ ಮಗಾ, ನಾ ಹತ್ರ ಇರೂದು ಬೇಡ ಎನ್ನುತ್ತಿದ್ದರಂತೆ. ಗಿಟಾರಿರುವ ಕೋಣೆಯ ಕಸವನ್ನೂ ಗುಡಿಸುತ್ತಿರಲಿಲ್ಲ.

ಒಂದು ದಿನ ಅವಳು ಗಿಟಾರನ್ನು ನಮ್ಮ ಮನೆಗೇ ತಂದಿಟ್ಟು ಹೋದಳು.

"ನುಡಿಸ್ತಾ ಕೂತ್ರೆ ನಂಗೆ ಕೊಟ್ಟಿಗೆ ಬದಿಗೇ ಕಿವಿ ಹೋಗ್ತದೆ ಮಾಮ. ತಾಳ ತಪ್ತದೆ," ಎಂದಳು. ಯಜಮಾನರು ಮತ್ತೂ ಸ್ವಲ್ಪ ದಿನ ಕಾದು, ಕುಮಟಾ ಕಡೆಯ ಒಬ್ಬನನ್ನು ಸೇರಿಸಿಕೊಂಡರು.

ಕಂದು ಗಿಟಾರು ನನ್ನ ಮೇಜಿನ ಕೆಳಗೇ ಉಳಿದಿತ್ತು. ಏಳನೆಯ ಫ್ರೆಟ್ಟಿನವರೆಗೆ ಅದು ಸ್ವಚ್ಛವಾಗಿ ನುಡಿಯುತ್ತಿತ್ತು ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆರ್ಕೆಸ್ಟ್ರಾಕ್ಕೆ ಅಷ್ಟು ಸಾಲದು. ಆದರೆ ಅತ್ತೆಯ ನಟ್ಟಿ ಹಾಡು ಇರುವುದೇ ಮೊದಲ ಐದು ಫ್ರೆಟ್ಟುಗಳಲ್ಲಿ. ಹೊಸ ತಂತಿ ಹಾಕಿ, ಕೆಳಗಿನ ಆ ಐದು ಫ್ರೆಟ್ಟುಗಳಿಗಾಗಿಯೇ ಅದನ್ನು ಕೂತು ತಿದ್ದಿದೆ. ತುಳಸಿ ಹಬ್ಬದ ಮಾರನೆಯ ದಿನ ಬೆಳಂಬಾರಕ್ಕೆ ಒಯ್ದೆ. ಮಳೆ ನಿಂತು ಭತ್ತ ಒಳಗೆ ಬಂದಿತ್ತು, ಅಂಗಳದಲ್ಲಿ ತುಳಸಿಯ ಮುಂದೆ ಕಬ್ಬಿನ ಗಳ ಇನ್ನೂ ಬಾಡಿರಲಿಲ್ಲ. ಹುಡುಗಿ ರಜೆಯ ಮೇಲೆ ಮನೆಯಲ್ಲೇ ಇದ್ದಳು. ಗಿಟಾರು ಕಂಡು ಅವಳಿಗೆ ಸಂತೋಷವಾಯಿತು, ಪಡಸಾಲೆಯಲ್ಲಿ ಕೂತು ಆ ಧಾಟಿಯನ್ನೇ ಮೊದಲು ನುಡಿಸಿದಳು. ಕಡೆಯ ಜಾರು ಕೂಡ ಸರಿಯಾಗಿ ಬಂತು. ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು, ಜಾರು ಬಂದಾಗ ಆ ಸದ್ದು ನಿಂತಿತು. ಅತ್ತೆ ಹೊರಗೆ ಬರಲಿಲ್ಲ.

ನಾನೇ ಎದ್ದು ಅಡುಗೆಮನೆಗೆ ಹೋದೆ. ಅವರು ಒಲೆಯ ಮುಂದೆ ಕೂತಿದ್ದರು. ಬಂದ್ಯಾ ತಮಾ, ಕೂತ್ಕ ಎಂದು ಮಣೆ ಸರಿಸಿದರು, ಮಾತಿನಲ್ಲಿ ಬೇಸರವೇನೂ ಇರಲಿಲ್ಲ. ತಲೆಯೆತ್ತಿ ನೋಡಿದೆ. ಅಟ್ಟ ಖಾಲಿಯಿತ್ತು. ಹಪ್ಪಳದ ಡಬ್ಬಿಯಿಲ್ಲ, ಮುರುಗಲವಿಲ್ಲ, ಬೀಜದ ಒಂದು ಗಂಟೂ ಇಲ್ಲ. ಕಪ್ಪು ಬಿದಿರುಗಳ ನಡುವೆ ಗಿಟಾರು ಮಲಗಿದ್ದ ಜಾಗ ಮಾತ್ರ ಸ್ವಲ್ಪ ತೆಳು ಬಣ್ಣದಲ್ಲಿ ಉಳಿದಿತ್ತು.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ನೆರೆಮನೆಯ ಹೆಂಗಸೊಬ್ಬಳು ಬಂದು ನಿಂತಳು. ತರಕಾರಿ ಸಾಲು ಹಾಕುವ ಹೊತ್ತು, ತನ್ನ ಮನೆಯ ಹೀರೆಬೀಜಕ್ಕೆ ಹುಳ ಬಿದ್ದಿದೆ, ಅತ್ತೆಯ ಹತ್ತಿರ ಸ್ವಲ್ಪ ಇದ್ದರೆ ಬೇಕಿತ್ತು ಎಂದು ಕೇಳಿದಳು. ಅತ್ತೆ ಶ್ರಾವಣದಲ್ಲೇ ಎಲ್ಲರ ಗಂಟೂ ಮರಳಿ ಕೊಟ್ಟದ್ದಕ್ಕೆ ಹೀಗಾಯಿತು ಎಂದು ಸಣ್ಣಗೆ ಗೊಣಗಿದಳು ಕೂಡ.

"ನನ್ನ ಹತ್ರ ಇಲ್ವೇ. ಬೇರೆ ಯಾರ ಹತ್ರಾದ್ರೂ ಕೇಳು," ಎಂದರು ಅತ್ತೆ. "ನನ್ನ ಕೈಯಲ್ಲಿ ಈಗ ಗುಣ ಇಲ್ಲ."

ಅವಳು ಹೋದ ಮೇಲೆ ನಾನು ಮಣೆಯ ಮೇಲೆ ಮುಂದಕ್ಕೆ ಬಾಗಿ, ಇಷ್ಟು ದಿನ ಗಂಟಲಲ್ಲಿಟ್ಟುಕೊಂಡದ್ದನ್ನು ಹೇಳಿದೆ. ಆ ಗಿಟಾರಿನ ಸಂದಿನಲ್ಲಿ ಅಂಟು ಅರ್ಧಕ್ಕೇ ಹಚ್ಚಿದ್ದರು ಅಮ್ಮಾ, ಎಲ್ಲಿಟ್ಟಿದ್ದರೂ ಅದು ಒಂದು ದಿನ ಬಿಡುವುದೇ ಇತ್ತು, ನಿಮ್ಮ ಕೈಯಿಂದ ಏನೂ ಆದದ್ದಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಒಲೆಯ ಕೊಳ್ಳಿಯನ್ನು ಒಳಗೆ ದೂಡಿ, ನನ್ನ ಮುಖ ನೋಡಿದರು.

"ಆ ದಿವ್ಸ ಹಾಗೆ ಹೇಳಿಲ್ಲಲ್ಲ ತಮಾ," ಎಂದರು.